ಕಣ್ಣಾಸ್ಪತ್ರೆಯವರು ಹಸುವಿನ ಗಬ್ಬ ಕೇಳಿದ್ದು

ಕಣ್ಣಾಸ್ಪತ್ರೆಯ ಸಭೆಯಲ್ಲಿ ಹಸುವಿನ ಮಾತು ಬಂದಾಗ ಮೊದಲು ನಕ್ಕವನು ನಾನೇ. ಮೇಜಿನ ಸುತ್ತ ಕೂತಿದ್ದವರು ಕಣ್ಣಿನ ವೈದ್ಯರು, ಆಡಳಿತಾಧಿಕಾರಿ, ಶಿಬಿರಗಳ ಉಸ್ತುವಾರಿ ನೋಡುವವರು. ಅಂಥವರ ಎದುರು ನನ್ನ ಸಹೋದ್ಯೋಗಿ ಎದ್ದು ನಿಂತು, ಪೊರೆಯ ಆಪರೇಷನ್ನಿಗೆ ದಿನ ಗೊತ್ತು ಮಾಡುವ ಮೊದಲು 'ನಿಮ್ಮ ಮನೆಯ ಹಸು ಎಷ್ಟು ತಿಂಗಳ ಗಬ್ಬ' ಎಂದು ಕೇಳಬೇಕು ಅಂದರೆ ಯಾರಿಗೆ ತಾನೆ ನಗು ಬರುವುದಿಲ್ಲ? ವೈದ್ಯರೂ ನಕ್ಕರು. ಆಡಳಿತಾಧಿಕಾರಿ ಮಾತ್ರ ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಅದನ್ನು ಬರೆದುಕೊಂಡರು. ಅದಕ್ಕೆ ಮೊದಲು ನಾನು ಮುಕ್ಕಾಲು ಗಂಟೆ ಮಾತಾಡಿದ್ದೆ, ಆ ಮುಚ್ಚಳ ತೆಗೆದಿರಲಿಲ್ಲ.

ಮಂಡ್ಯದ ಆ ಧರ್ಮಾರ್ಥ ಆಸ್ಪತ್ರೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಣ್ಣಿನ ತಪಾಸಣಾ ಶಿಬಿರ ನಡೆಸುತ್ತಿತ್ತು. ಪೊರೆ ಬಂದವರ ಹೆಸರು ಬರೆದುಕೊಂಡು, ದಿನ ಹೇಳಿ, ಆಸ್ಪತ್ರೆಯ ವ್ಯಾನಿನಲ್ಲೇ ಕರೆದೊಯ್ದು, ಆಪರೇಷನ್ ಮಾಡಿ, ಎರಡು ರಾತ್ರಿ ಇರಿಸಿಕೊಂಡು ಮನೆಗೆ ತಂದು ಬಿಡುತ್ತಿದ್ದರು. ಎಲ್ಲವೂ ಉಚಿತ. ಆದರೂ ಹೆಸರು ಬರೆಸಿದವರಲ್ಲಿ ಬಹಳ ಜನ, ಅದರಲ್ಲೂ ವಯಸ್ಸಾದ ಹೆಂಗಸರು, ವ್ಯಾನು ಬಂದ ದಿನ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಕಾರಣ ಹುಡುಕಿ, ಏನು ಮಾಡಬೇಕು ಅಂತ ಶಿಫಾರಸು ಕೊಡಲು ನಮ್ಮಿಬ್ಬರನ್ನು ಕರೆಸಿದ್ದರು. ಇಂಥ ಯೋಜನೆಗಳ ಮೌಲ್ಯಮಾಪನವೇ ನಮ್ಮ ಕಸುಬು. ಮಂಡ್ಯ, ಮದ್ದೂರು ತಾಲ್ಲೂಕುಗಳು ನನಗೆ, ಮಳವಳ್ಳಿ ಅವರಿಗೆ.

ನಾನು ದುದ್ದದ ಕಡೆಯವನು. ಕೊಟ್ಟಿಗೆಯ ಸಗಣಿ ಬಾಚಿಯೇ ಕಾಲೇಜಿಗೆ ಹೋದವನು. ಅವರು ಕರಾವಳಿಯವರು, ನನಗಿಂತ ಚಿಕ್ಕವರು, ಪುಸ್ತಕದ ಹಾಗೆ ಮಾತಾಡುವವರು. ಬಂದ ಹೊಸದರಲ್ಲಿ, "ಇಲ್ಲಿಯ ಜನ ಯಾಕೆ ಯಾವಾಗಲೂ ಜಗಳ ಆಡ್ತಿರ್ತಾರೆ?" ಎಂದು ನನ್ನನ್ನು ಕೇಳಿದ್ದರು. "ಅದು ಜಗಳ ಅಲ್ಲ ಮೇಡಂ, ಕ್ಷೇಮಸಮಾಚಾರ" ಅಂದಿದ್ದೆ. ಇವರು ಇಲ್ಲಿ ಏನು ಕಂಡುಹಿಡಿದಾರು ಎಂದು ನಾನು ನಿಶ್ಚಿಂತೆಯಿಂದಿದ್ದೆ.

ನನ್ನ ಕೆಲಸದಲ್ಲಿ ಕೊರತೆ ಇರಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ. ಬಾರದೆ ಉಳಿದವರ ಪಟ್ಟಿಯಿಂದ ಚೀಟಿ ಎತ್ತಿ ಮನೆಗಳನ್ನು ಆರಿಸಿದೆ. ಒಂದೊಂದು ಮನೆಗೂ ಎರಡು ಸಲ ಹೋದೆ, ಒಮ್ಮೆ ಗಂಡಸರಿದ್ದಾಗ, ಒಮ್ಮೆ ಇಲ್ಲದಾಗ. ಬಂದ ಉತ್ತರಗಳನ್ನು ಗುಂಪು ಮಾಡಿದೆ: ಹೆದರಿಕೆ, ಜೊತೆಗೆ ಬರುವವರಿಲ್ಲ, ಈ ವಯಸ್ಸಿಗೆ ಇನ್ಯಾಕೆ ಎಂಬ ಉದಾಸೀನ, ಮಾಹಿತಿಯ ಕೊರತೆ. 'ಹಸು ಕರೆಯೋರಿಲ್ಲ' ಎಂಬ ಉತ್ತರವೂ ಬಂದಿತ್ತು, ಸಾಕಷ್ಟು ಬಂದಿತ್ತು. ಅದನ್ನು 'ನೆಪ' ಎಂಬ ಗುಂಪಿಗೆ ಹಾಕಿದ್ದೆ. ನಮ್ಮ ಕಡೆ ಹುಟ್ಟಿದ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಮದುವೆ ಮನೆಯಲ್ಲಿ ಬೇಜಾರಾದರೆ ಹಸು ಕರೀಬೇಕು, ಸಂಘದ ಸಭೆ ಎಳೆದರೆ ಹಸು ಕರೀಬೇಕು, ನೆಂಟರ ಮನೆಯಲ್ಲಿ ಉಳಿಯಲು ಮನಸ್ಸಿಲ್ಲದಿದ್ದರೆ ಹಸು ಕರೀಬೇಕು. ನಮ್ಮಮ್ಮ ನನ್ನ ಪದವಿ ಸಮಾರಂಭದಿಂದ ಅರ್ಧಕ್ಕೇ ಎದ್ದು ಹೋದದ್ದೂ ಹಸು ಕರೆಯಬೇಕೆಂದೇ. ಆ ಮಾತು ನನ್ನ ಕಿವಿಗೆ ಕಾರಣದ ಹಾಗೆ ಕೇಳಿಸುವುದೇ ಇಲ್ಲ.

ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಯಾರೋ ಒಬ್ಬ ಮುದುಕಿ ಹಸು ಕರೆಯೋರಿಲ್ಲ ಅಂದಾಗ, "ಯಾಕೆ, ಬೇರೆಯವರು ಕರೆಯಬಾರದೇ?" ಎಂದು ಕೇಳಿದರಂತೆ. ದಿನಾ ಕರೆಯುವ ಕೈ ಬಿಟ್ಟು ಬೇರೆ ಕೈಗೆ ಹಸು ಹಾಲು ಕೊಡುವುದಿಲ್ಲ, ಒದೆಯುತ್ತದೆ, ಎರಡು ದಿನ ಹಾಲು ಕಟ್ಟಿಕೊಂಡರೆ ಕೆಚ್ಚಲು ಬಾವು ಬರುತ್ತದೆ ಎಂದು ಆಕೆ ಹೇಳಿದಳಂತೆ. ಅಷ್ಟೇ ಅಲ್ಲ, ಆಪರೇಷನ್ ಆದ ಮೇಲೂ ವಾರಗಟ್ಟಲೆ ಬಗ್ಗಬಾರದು, ದೂಳು ಹೊಗೆ ತಾಗಬಾರದು. ಹಾಲು ಕರೆಯುವುದೆಂದರೆ ಬಗ್ಗಿ, ಹಸುವಿನ ಪಕ್ಕೆಗೆ ಹಣೆ ಕೊಟ್ಟು ಕೂರುವುದೇ. ಆದರೆ ಕರು ಹಾಕುವ ಮೊದಲು ಸುಮಾರು ಎರಡು ತಿಂಗಳು ಹಸು ಬತ್ತಿರುತ್ತದೆ, ಕರೆಯುವ ಕೆಲಸವೇ ಇರುವುದಿಲ್ಲ. ಆಗ ಕರೆದೊಯ್ಯಿರಿ ಎಂಬುದೇ ಅವರ ಶಿಫಾರಸು. ವರದಿಯಲ್ಲಿ ಅರ್ಧ ಪುಟ. ನನ್ನದು ಎರಡು ಸಂಪುಟ.

ನನ್ನ ಶಿಫಾರಸುಗಳ ಮುಂದೆಲ್ಲ 'ಪರಿಶೀಲಿಸಲಾಗುವುದು' ಎಂದು ಬರೆದು ಕಳಿಸಿದರು. ಅವರದನ್ನು ಮುಂದಿನ ತಿಂಗಳೇ ಮಳವಳ್ಳಿ ತಾಲ್ಲೂಕಿನಲ್ಲಿ ಜಾರಿಗೆ ತಂದರು. ಆಮೇಲೆ ಮದ್ದೂರಿನ ಆತಗೂರು ಕಡೆಯ ಕೆಲವು ಹಳ್ಳಿಗಳಿಗೂ ಹಬ್ಬಿಸಿದರು, ಅಂದರೆ ನನ್ನ ತಾಲ್ಲೂಕಿಗೆ. ಹೊಟ್ಟೆಕಿಚ್ಚಾಯಿತು. ಬೇರೆ ಹೆಸರಿಟ್ಟು ಕರೆಯಲು ಸಾಕಷ್ಟು ಪ್ರಯತ್ನಪಟ್ಟೆ, ವೃತ್ತಿಯ ಕಾಳಜಿ ಅಂದೆ, ವಿಧಾನದ ಬಗ್ಗೆ ಭಿನ್ನಾಭಿಪ್ರಾಯ ಅಂದೆ. ಅದು ಹೊಟ್ಟೆಕಿಚ್ಚೇ. ನನ್ನ ಕೊಟ್ಟಿಗೆಯ ಹಸುವನ್ನು ಯಾರೋ ಬಂದು ಹಿಡಿದುಕೊಂಡು ಹೋದಂತಿತ್ತು.

ಒಂದು ವರ್ಷ ಕಳೆದ ಮೇಲೆ ಆಡಳಿತಾಧಿಕಾರಿ ಮತ್ತೆ ಕರೆಸಿದರು.

"ನೀವೆಲ್ಲ ಶಿಫಾರಸು ಕೊಟ್ಟು ಹೋಗ್ತೀರಿ. ಅದನ್ನ ನಾವು ಮಾಡಿದ್ವಾ, ಮಾಡಿದ್ದರಿಂದ ಏನಾದ್ರೂ ಆಯ್ತಾ, ಅದನ್ನ ಯಾರು ನೋಡ್ತಾರೆ? ಟ್ರಸ್ಟಿನವರು ಕೇಳ್ತಿದ್ದಾರೆ. ಮೇಡಂ ಬೇರೆ ಜಿಲ್ಲೆಯಲ್ಲಿದ್ದಾರೆ. ನೀವು ನೋಡಿಕೊಡಿ."

ಎರಡೂ ವರದಿಗಳ ಶಿಫಾರಸುಗಳನ್ನು ನಾನೇ ತೂಗಬೇಕು, ನನ್ನದನ್ನೂ ಅವರದನ್ನೂ. ಬೇಡ ಅನ್ನಬೇಕಿತ್ತು. ಹಾಗೆ ಅನ್ನುವಷ್ಟು ದೊಡ್ಡ ಮನಸ್ಸಿದ್ದರೆ ಹೊಟ್ಟೆಕಿಚ್ಚು ಯಾಕೆ ಬರುತ್ತಿತ್ತು? ಒಪ್ಪಿಕೊಂಡೆ, ಅವತ್ತೇ ಮುಂಗಡ ಪ್ರವಾಸ ಪಟ್ಟಿ ಬರೆದುಕೊಟ್ಟೆ.

ಒಂದೊಂದು ಶಿಫಾರಸಿಗೂ ಮೂರು ಪ್ರಶ್ನೆ ಇಟ್ಟುಕೊಂಡೆ. ಕೈಗೆತ್ತಿಕೊಂಡರೇ? ಹೇಳಿದ ಹಾಗೆಯೇ ಮಾಡಿದರೇ? ಅದರಿಂದ ವ್ಯತ್ಯಾಸ ಆಯಿತೇ? ನನ್ನವು ಬೇಗ ಮುಗಿದವು. ಧೈರ್ಯ ಹೇಳುವ ಭಿತ್ತಿಚಿತ್ರಗಳು ಅಚ್ಚಾಗಿದ್ದವು, ಕಟ್ಟು ಬಿಚ್ಚಿರಲಿಲ್ಲ. ಜ್ಞಾಪಿಸಲು ಫೋನ್ ಮಾಡುವ ವ್ಯವಸ್ಥೆ ಎರಡು ವಾರ ನಡೆದು ನಿಂತಿತ್ತು. ಶಿಬಿರಗಳಲ್ಲಿ ನೆರಳಿಗೆ ಶಾಮಿಯಾನ ಹಾಕಬೇಕು ಎಂಬುದು ಮಾತ್ರ ಪೂರ್ತಿ ಜಾರಿಯಲ್ಲಿತ್ತು. ವಿಚಾರಿಸಿದರೆ, ಅದನ್ನು ನಾನು ಹೇಳುವುದಕ್ಕೂ ಮೊದಲಿನಿಂದ ಹಾಕುತ್ತಿದ್ದರು.

ಮಳವಳ್ಳಿ ಕಡೆಗೆ ಹೋದೆ. ಬ್ಲಫ್ ಎಂಬ ಊರಿನಲ್ಲಿ ಅವತ್ತು ಶಿಬಿರವಿತ್ತು, ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಬಂದಿದ್ದರು. ಟಾರ್ಚು ಬಿಟ್ಟು ಕಣ್ಣು ನೋಡಿದ ಮೇಲೆ ಕಾರ್ಯಕರ್ತೆ, "ಅಮ್ಮಾ, ಎಷ್ಟು ತಿಂಗಳು?" ಎಂದು ಕೇಳುತ್ತಿದ್ದಳು.

"ಏಳು ತುಂಬ್ತು ಕಣವ್ವ, ಇನ್ನೇನ್ ಬತ್ತಿಸ್ಬೇಕು" ಅಂದಳು ಒಬ್ಬ ಮುದುಕಿ.

ಹಿಂದೆ ನಿಂತವಳು ಕೇಳಿದಳು, "ಯಾರ್ದಮ್ಮಿ ಏಳು ತಿಂಗ್ಳು? ನಿಂದಾ, ಅಸೀಂದಾ?"

ಸಾಲಿಗೆ ಸಾಲೇ ನಕ್ಕಿತು. ಆಪರೇಷನ್ನಿನ ದಿನಕ್ಕೆ ಕಾಯುವವರ ಸಾಲು ಅಷ್ಟು ಹಗುರಾಗಿದ್ದನ್ನು ನಾನು ಯಾವ ಶಿಬಿರದಲ್ಲೂ ನೋಡಿರಲಿಲ್ಲ. ಹಿಂದೆ ಬಾರದೆ ಉಳಿದವರ ಮನೆಗಳಿಗೆ ಹೋದೆ, ಬಹುಪಾಲು ಹೆಂಗಸರ ಆಪರೇಷನ್ ಆಗಿತ್ತು. ಬೇರೆ ಕಾರಣವೇನಾದರೂ ಇರಬಹುದೇ ಎಂದು ಹುಡುಕಿದೆ, ಹೊಸ ವ್ಯಾನು, ಹೊಸ ಡಾಕ್ಟರು, ರಸ್ತೆ ರಿಪೇರಿ, ಏನಾದರೂ. ಒಂದೂ ಸಿಗಲಿಲ್ಲ. ಎಲ್ಲಿ ಕೂತರೂ "ಆ ಮೇಡಮ್ಮ ಬಂದೋದ್ಮೇಲೆ" ಎಂದೇ ಮಾತು ಶುರುವಾಗುತ್ತಿತ್ತು. ಒಬ್ಬಳಂತೂ, "ನೀವೂ ಆಸ್ಪತ್ರೇರಾ? ಆ ಮೇಡಮ್ಮ ಚೆಂದಾಗಿ ಮಾತಾಡ್ತಿದ್ರು ಕಣಪ್ಪ, ನೀನ್ಯಾಕೆ ಪೊಲೀಸ್ನೋರ್ ತರ ಕೇಳ್ತೀಯೆ?" ಅಂದಳು. ಅವಳ ಉತ್ತರಗಳನ್ನು ಬರೆದುಕೊಳ್ಳುವಾಗ ನನ್ನ ಅಕ್ಷರ ಕೆಟ್ಟಿತು.

ಅಲ್ಲಿಂದ ಆತಗೂರು ಕಡೆಗೆ. ನನ್ನ ಜೀವಕ್ಕೆ ತಂಪಾದದ್ದು ಅಲ್ಲಿ. ಹಸುವಿನ ಪ್ರಶ್ನೆ ಕೇಳಿ ದಿನ ಕೊಟ್ಟ ಹಳ್ಳಿಗಳಲ್ಲಿ, ಕೇಳದೆ ಕೊಟ್ಟ ಪಕ್ಕದ ಹಳ್ಳಿಗಳಿಗಿಂತ ಕಡಿಮೆ ಜನ ಬಂದಿದ್ದರು. ಮತ್ತೆ ಎಣಿಸಿದೆ. ಕಡಿಮೆಯೇ.

ವ್ಯಾನಿನ ಡ್ರೈವರ್ ಮದ್ದೂರಿನವರು, ಆಸ್ಪತ್ರೆ ಶುರುವಾದಾಗಿನಿಂದ ಇದ್ದ ಸಾಬರು. "ಖಾಲಿ ವ್ಯಾನ್ ಹೊಡೆದೂ ಹೊಡೆದೂ ಸಾಕಾಯ್ತು ಸಾ" ಅಂದರು. "ಊರ್ ಬಾಗ್ಲಲ್ಲಿ ಹಾರ್ನ್ ಮಾಡ್ತಾ ನಿಂತ್ಕೋತೀನಿ, ಒಂದ್ ಪಿಳ್ಳೆನೂ ಹತ್ತಲ್ಲ. ಸಾಹೇಬ್ರು ಬೈತಾರೆ. ಇನ್ನೊಂದ್ ಸಲ ಹಿಂಗಾದ್ರೆ ಈ ಕಡೆ ವ್ಯಾನೇ ಬೇಡ ಅಂದವ್ರೆ."

ಅವತ್ತು ಮದ್ದೂರಿನಲ್ಲಿ ಬಸ್ಸಿಳಿದು ಎರಡು ವಡೆ ತಿಂದೆ, ಮೂರನೆಯದನ್ನು ಕಟ್ಟಿಸಿಕೊಂಡೆ. ಅಷ್ಟು ಹಸಿವು ನನಗೆ ತಿಂಗಳುಗಳಿಂದ ಆಗಿರಲಿಲ್ಲ.

ಆದರೆ ಬಾರದವರ ಮನೆಗೆ ಹೋಗಿ ಕೇಳುವುದು ನನ್ನದೇ ಕ್ರಮ, ಅದನ್ನು ತಪ್ಪಿಸುವ ಹಾಗಿರಲಿಲ್ಲ. ಮೊದಲ ಮನೆಯಲ್ಲೇ ಒಬ್ಬ ಅಜ್ಜಿ ಸಿಕ್ಕಳು. ಮಗ ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಿ, ಸೊಸೆ ಬೆಳಗಾಗುತ್ತಲೇ ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋದರೆ ಬರುವುದು ಹಾಲಿನ ಹೊತ್ತು ಮೀರಿದ ಮೇಲೆ. ಕೊಟ್ಟಿಗೆಯಲ್ಲಿ ಒಂದು ಸೀಮೆ ಹಸು, ಹೊಸ ಕರು. ಅಜ್ಜಿ ನನಗೆ ನೀರು ಕೊಡಲು ಲೋಟದೊಳಗೆ ಬೆರಳು ಇಳಿಬಿಟ್ಟು, ನೀರು ಬೆರಳಿಗೆ ತಾಗಿದ ಮೇಲೆ ಚೊಂಬು ಎತ್ತಿದಳು. ಒಂದು ಕಣ್ಣು ಹಿಂದೆಯೇ ಯಾವುದೋ ಪೆಟ್ಟಿಗೆ ಹೋಗಿತ್ತು. ಇನ್ನೊಂದು ಬೆಳ್ಳಗೆ ಕಟ್ಟಿತ್ತು.

"ಅಸ ಬತ್ತಿದ್ದಾಗ್ಲೇ ದಿನ ಕೊಟ್ಟಿದ್ರಂತಲ್ಲಮ್ಮ, ಯಾಕೆ ಓಗ್ಲಿಲ್ಲ?" ಎಂದು ಕೇಳಿದೆ. ಊರಲ್ಲಿ ನನ್ನ ಬಾಯಿಗೂ ಊರಿನ ಮಾತೇ ಬರುತ್ತದೆ.

"ಓಗಾಕೆ ಬ್ಯಾಗ್ ಕಟ್ಕಂಡ್ ಕುಂತಿದ್ದೆ ಕಣಪ್ಪ. ಅವತ್ತಿಗೆ ಮೂರ್ ದಿನ ಮುಂಚೆ ಅಬ್ಬ ಸಾರುಬುಟ್ರು. ಸಾರಿದ್ಮೇಲೆ ಓಗಾದೆಂಗೆ?"

ಪೆನ್ನು ಜೇಬಿಗಿಟ್ಟೆ. ಅವಳು ಇನ್ನು ಹೇಳುವ ಅಗತ್ಯವಿರಲಿಲ್ಲ. ಯುಗಾದಿಯ ಆಚೀಚೆ ನಮ್ಮ ಕಡೆ ಊರಮ್ಮನ ಹಬ್ಬಗಳು ಒಂದರ ಹಿಂದೆ ಒಂದು ಬರುತ್ತವೆ. ತಮಟೆ ಬಡಿದು ಹಬ್ಬ ಸಾರಿದ ದಿನದಿಂದ ಮುಗಿಯುವ ತನಕ ಊರಿನವರು ಎಲ್ಲಿಗೆ ಹೋದರೂ ಕತ್ತಲಾಗುವಷ್ಟರಲ್ಲಿ ಊರು ಸೇರಬೇಕು. ಹೊರಗೆ ರಾತ್ರಿ ಕಳೆಯುವಂತಿಲ್ಲ. ಮನೆಯಲ್ಲಿ ಒಗ್ಗರಣೆ ಕೂಡ ಹಾಕುವಂತಿಲ್ಲ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಅಂದರೆ ಯಾರು ಬರುತ್ತಾರೆ? ಆತಗೂರು ಕಡೆಯಲ್ಲಿ ಹಸುವಿನ ಪ್ರಶ್ನೆ ಶುರುವಾಗಿದ್ದೇ ಆ ತಿಂಗಳುಗಳಲ್ಲಿ. ಹಳೆಯ ಪದ್ಧತಿಯಲ್ಲಿ ಒಂದು ವ್ಯಾನು ತಪ್ಪಿದರೆ ಮುಂದಿನ ವ್ಯಾನಿಗೆ ಕೆಲವರಾದರೂ ಬರುತ್ತಿದ್ದರು. ಹಸುವಿನ ಲೆಕ್ಕದಲ್ಲಿ ದಿನ ತಪ್ಪಿದರೆ ಅಷ್ಟರಲ್ಲಿ ಹಸು ಈಯುತ್ತದೆ, ಮತ್ತೆ ಬತ್ತುವ ತನಕ ಕಾಯಬೇಕು.

"ಇನ್ನೇನ್ ಬುಡಪ್ಪ" ಅಂದಳು ಅಜ್ಜಿ, "ಮುಂದಿನ್ ಸಲ ಗಬ್ಬಾಗಿ ಬತ್ತೋ ಗಂಟ ಇಂಗೇ ತಡಕಾಡ್ತೀನಿ."

ಉಳಿದ ಮನೆಗಳಲ್ಲೂ ಅದೇ ಮಾತು. ಅಂದರೆ ಮೇಡಂ ಹೇಳಿದ್ದು ತಪ್ಪಾಗಿರಲಿಲ್ಲ. ಅವರಿಗೆ ಗೊತ್ತಿಲ್ಲದ ಒಂದು ಕಟ್ಟಲೆ ಅಡ್ಡ ಬಂದಿತ್ತು. ಅದು ಗೊತ್ತಿದ್ದವನು ಮೌಲ್ಯಮಾಪಕರಲ್ಲಿ ನಾನೊಬ್ಬನೇ. ಮಂಡ್ಯಕ್ಕೆ ವಾಪಸು ಬರುವ ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ವರದಿ ಬರೆದೆ, ಮನೆಗೆ ಬಂದು ಟೈಪು ಮಾಡಿದೆ. 'ಮದ್ದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಈ ಶಿಫಾರಸಿನಿಂದ ಹಾಜರಾತಿ ಹೆಚ್ಚಿದ್ದು ಕಂಡುಬಂದಿಲ್ಲ.' ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ವ್ಯತ್ಯಾಸ ಆಯಿತೇ ಎಂದು ಕೇಳಿದ್ದರು, ಆಗಿಲ್ಲ ಎಂದಿದ್ದೆ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಆ ವಾಕ್ಯವನ್ನು ಎಷ್ಟು ಸಲ ಓದಿದರೂ ಸಾಕಾಗುತ್ತಿರಲಿಲ್ಲ.

ಮರುದಿನ ಕರಡು ಕೊಡಲು ಆಸ್ಪತ್ರೆಗೆ ಹೋದೆ. ಆಡಳಿತಾಧಿಕಾರಿ ಸಭೆಯಲ್ಲಿದ್ದರು. ಹೊರಗೆ ಕೂತಿದ್ದಾಗ ವೈದ್ಯರು ಬಂದರು, ಸುಮ್ಮನೆ ಇರಲಾರದೆ ಆ ಅಜ್ಜಿಯ ವಿಷಯ ತೆಗೆದೆ. ಅವರು ಶಿಬಿರದ ಕಾರ್ಡು ತರಿಸಿ ನೋಡಿದರು.

"ಶಿಬಿರದ ದಿನವೇ ಬಲಿತಿತ್ತು ಇದು. ಇನ್ನೊಂದು ವರ್ಷ ಬಿಟ್ಟರೆ ಕಣ್ಣೊಳಗೆ ಒತ್ತಡ ಏರಿ ನರ ಹೋಗಬಹುದು. ಆಮೇಲೆ ಪೊರೆ ತೆಗೆದರೂ ಬೆಳಕು ಬರಲ್ಲ. ಇರೋದೊಂದೇ ಕಣ್ಣು ಬೇರೆ. ಈ ತಿಂಗಳು ಆ ಕಡೆ ಕೊನೇ ವ್ಯಾನು ಅಂತೆ, ಅದರಲ್ಲಿ ಬರೋಕೆ ಹೇಳಿ."

"ಕೊನೇದು ಅಂತ ನಿರ್ಧಾರ ಆಯ್ತಾ?"

"ನಿಮ್ಮ ವರದಿ ನೋಡಿ ನಿರ್ಧಾರ ಅಂದಿದ್ದಾರಪ್ಪ" ಎಂದು ಹೇಳಿ ವೈದ್ಯರು ಒಳಗೆ ಹೋದರು.

ಇಷ್ಟು ವರ್ಷ ನನ್ನ ಯಾವ ವರದಿಯನ್ನೂ ಯಾರೂ ನೋಡಿ ನಿರ್ಧಾರ ಮಾಡಿರಲಿಲ್ಲ. ಈಗ ಮಾಡುತ್ತಾರಂತೆ. ಕರಡು ಕೈಯಲ್ಲಿ ಹಿಡಿದುಕೊಂಡು ಆಸ್ಪತ್ರೆಯ ಕ್ಯಾಂಟೀನಿಗೆ ಹೋಗಿ ಕೂತೆ. ಅಜ್ಜಿಯ ಮೇಲಿನ ಕನಿಕರದಿಂದಲೇ ಮನಸ್ಸು ಬದಲಾಯಿತು ಅಂದರೆ ಅರ್ಧ ಸುಳ್ಳಾಗುತ್ತದೆ. ಎಂದಾದರೂ ಮೇಡಂ ಈ ವರದಿ ಓದುತ್ತಾರೆ, ಆತಗೂರಿಗೆ ಬಂದು ಯಾವಳೋ ಮುದುಕಿಯನ್ನು "ಯಾಕೆ?" ಎಂದು ಕೇಳುತ್ತಾರೆ, ಅವಳು ಹೇಳುತ್ತಾಳೆ, ಆಮೇಲೆ ಇದೂ ಅವರೇ ಕಂಡುಹಿಡಿದದ್ದು ಎಂದಾಗುತ್ತದೆ. ಆ ಹೆದರಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ನಾನು ತೂಗಿ ನೋಡಿಲ್ಲ. ಆ ವಾಕ್ಯವನ್ನು ಹೊಡೆದು ಹಾಕಿ, ಕಾಫಿ ಆರುವ ಮೊದಲೇ ಹೊಸದಾಗಿ ಬರೆದೆ. ಹಸುವಿನ ಪ್ರಶ್ನೆ ಸರಿಯಾಗಿದೆ, ನಿಲ್ಲಿಸಬಾರದು. ಅದರ ಜೊತೆಗೆ, ಶಿಬಿರದ ದಿನವೇ ಊರಿನ ಯಜಮಾನರನ್ನು ಕಂಡು ಹಬ್ಬ ಯಾವಾಗ ಸಾರುತ್ತಾರೆ ಎಂದು ಕೇಳಬೇಕು. ಹಸು ಬತ್ತಿರುವವರನ್ನು ಸಾರುವುದಕ್ಕೆ ಮೊದಲೇ ಕರೆತರಬೇಕು. ದಿನ ತಪ್ಪಿದವರನ್ನು ಪಟ್ಟಿಯಿಂದ ಬಿಡಬಾರದು.

ಆಡಳಿತಾಧಿಕಾರಿ ಓದಿದರು. ಪೆನ್ನಿನ ಮುಚ್ಚಳ ತೆಗೆದರು.

"ಒಳ್ಳೇದಾಯ್ತು" ಅಂದರು. "ಮೇಡಂ ಶಿಫಾರಸಿನ ಕೆಳಗೇ ಇದನ್ನೂ ಸೇರಿಸ್ತೀನಿ. ಅದರದೇ ಮುಂದುವರಿಕೆ ತಾನೆ ಇದು?"

ಹೌದು ಅಂದೆ.

ವ್ಯಾನು ಉಳಿಯಿತು, ಆದರೆ ಅಜ್ಜಿಯ ಹಸು ಈದಾಗಿತ್ತು. ಅವಳ ಕಣ್ಣಿಗೆ ಮುಂದಿನ ಗಬ್ಬದ ತನಕ ಕಾಯುವ ಹಾಗಿರಲಿಲ್ಲ. ಇದಕ್ಕೆ ಯಾವ ವರದಿಯಲ್ಲೂ ದಾರಿ ಇರಲಿಲ್ಲ. ಮತ್ತೆ ಅವಳ ಊರಿಗೆ ಹೋದೆ. ಪಕ್ಕದ ಮನೆಯಲ್ಲಿ ಅವಳ ಓರಗಿತ್ತಿ ಇದ್ದಳು, ಅಜ್ಜಿಯದೇ ಎತ್ತರ, ಅಜ್ಜಿಯದೇ ಗಾತ್ರ.

"ನಿಮ್ಮ್ ಸೀರೆ ಉಟ್ಕಂಡು ಇವ್ರು ಕರೀಲಿ" ಎಂದು ಅಜ್ಜಿಗೆ ಹೇಳಿದೆ. "ಮೈಮೇಲಿರೋದು, ಒಗೆಯದೆ ಇರೋದು. ಒಂದ್ ವಾರ ನೀವು ಪಕ್ದಲ್ ನಿಂತ್ಕಂಡು ಮಾತಾಡ್ತಾ ಇರಿ. ಆಮೇಲೆ ನಿಂತ್ಕಬ್ಯಾಡಿ."

ನಮ್ಮಜ್ಜಿಗೆ ಕೈ ಮುರಿದಾಗ ನಮ್ಮಮ್ಮ ಹೀಗೆಯೇ ಮಾಡಿದ್ದಳು.

ಓರಗಿತ್ತಿ ಮೂಗು ಮುರಿದಳು. "ಇವಳ್ ವಾಸ್ನೆ ನನ್ ಮೈಗ್ಯಾಕಪ್ಪ?"

"ಮದ್ವೆಯಾಗಿ ಬಂದಾಗ್ಲಿಂದ ನನ್ ಸೀರೆ ಮ್ಯಾಲೆ ಕಣ್ಣಿತ್ತು ಇವಳ್ಗೆ" ಅಂದಳು ಅಜ್ಜಿ, "ಉಟ್ಕಳ್ಲಿ ಬುಡು."

ಮೊದಲ ದಿನ ಹಸು ಪಾತ್ರೆ ಒದ್ದು ಕೆಡವಿತಂತೆ. ಎರಡನೆಯ ದಿನ ಅರ್ಧ ಹಾಲು ಕೊಟ್ಟಿತು. ವಾರ ಕಳೆಯುವ ಹೊತ್ತಿಗೆ ಅಜ್ಜಿ ಕೊಟ್ಟಿಗೆಗೆ ಬಾರದಿದ್ದರೂ ನಿಂತು ಕರೆಸಿಕೊಂಡಿತು ಎಂದು ಡ್ರೈವರ್ ಸಾಬರು ಫೋನ್ ಮಾಡಿ ಹೇಳಿದರು. ಮುಂದಿನ ವ್ಯಾನಿನಲ್ಲಿ ಅಜ್ಜಿ ಹೊರಟಳು.

ಆ ನಡುವೆ ಮೇಡಂ ಕೂಡ ಫೋನ್ ಮಾಡಿದ್ದರು. ಆಸ್ಪತ್ರೆಯವರು ವರದಿ ಕಳಿಸಿದ್ದರಂತೆ. "ಹಬ್ಬ ಸಾರುವುದು ಅಂತ ಒಂದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಇದನ್ನು ನೀವಲ್ಲದೆ ಯಾರೂ ಹಿಡಿಯುತ್ತಿರಲಿಲ್ಲ. ಇದರಲ್ಲಿ ನಿಮ್ಮ ಹೆಸರು ಬರಬೇಕು, ನಾನು ಅವರಿಗೆ ಬರೆಯುತ್ತೇನೆ" ಅಂದರು. ಬರೆದರು ಕೂಡ. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಬರೆದದ್ದರಿಂದ ಏನೂ ಆಗಲಿಲ್ಲ. ಈಗ ಮೂರೂ ತಾಲ್ಲೂಕಿನ ಶಿಬಿರಗಳಲ್ಲಿ ಹಸುವನ್ನೂ ಕೇಳುತ್ತಾರೆ, ಹಬ್ಬವನ್ನೂ ಕೇಳುತ್ತಾರೆ. ಎರಡಕ್ಕೂ ಸೇರಿಸಿ 'ಮೇಡಂ ಪ್ರಶ್ನೆ' ಅನ್ನುತ್ತಾರೆ. ನನ್ನ ಶಿಫಾರಸು ಪೂರ್ತಿಯಾಗಿ ಜಾರಿಗೆ ಬಂದದ್ದು ಇದೊಂದೇ ಸಲ.

ಅಜ್ಜಿಯ ಕಣ್ಣಿನ ಪಟ್ಟಿ ಬಿಚ್ಚುವ ದಿನ ಬೆಳಗ್ಗೆ ವಾರ್ಡಿಗೆ ಹೋದೆ. ಹೋಗಲೇಬೇಕೆಂದೇನೂ ಇರಲಿಲ್ಲ. ದಾದಿ ಹತ್ತಿಯಿಂದ ಕಣ್ಣು ಒರೆಸಿ ಪಕ್ಕಕ್ಕೆ ಸರಿದಳು. ಅಜ್ಜಿ ಕಿಟಕಿ ನೋಡಿದಳು, ಗೋಡೆ ನೋಡಿದಳು, ತನ್ನ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಮಂಚದ ಕಾಲ ಬಳಿ ನಿಂತಿದ್ದ ನನ್ನ ಮುಖ ನೋಡಿದಳು.

"ಯಾರಪ್ಪ ನೀನು?"

"ನಾನೇ ಕಣಮ್ಮ, ಮನೆ ತಾವ ಬಂದಿದ್ನಲ್ಲ."

ದನಿ ಕೇಳಿ ಗುರುತು ಹತ್ತಿತು. ಮುಖವರಳಿಸಿ ನನ್ನ ಕೈ ಹಿಡಿದುಕೊಂಡಳು. "ಓ, ನೀನಾ. ಆ ಮೇಡಮ್ಮನ ಕಡೆಯೋನು. ಎಲ್ರೂ ಅವರ ಎಸ್ರೇ ಏಳ್ತರೆ, ನಾನ್ ಒಂದ್ಸಲಾನೂ ಕಂಡಿಲ್ಲ. ಪುಣ್ಯಾತ್ಗಿತ್ತಿ. ಕಣ್ಣು ಬಂತಂತೆ ಅಂತ ಅವ್ರಿಗೆ ಏಳು ಮಗಾ."

"ಏಳ್ತೀನಿ ಕಣಮ್ಮ" ಅಂದೆ.

ಹೇಳಿದೆ. ಆದರೆ ಒಂದು ವಾರ ಬಿಟ್ಟು ಹೇಳಿದೆ.